ಕರ್ಮಣಿ ಪ್ರಯೋಗ

ಹಾಸನದ ಕೋರ್ಟು, ಎರಡನೇ ಮಹಡಿ, ಕೊನೇ ಕೋಣೆ.
ಪರದೆಯೊಳಗೆ ಮೂವರು ನ್ಯಾಯಾಧೀಶರು, ಸಮುದ್ರದಾಚೆ.
ಅವರ ಕಿಟಕಿಯಲ್ಲಿ ಇನ್ನೂ ಬೆಳಗು,
ನಮ್ಮದರಲ್ಲಿ ಎರಡೂವರೆ, ಬಿ.ಎಂ. ರಸ್ತೆಯ ಹಾರನ್ನು.

ಸಾಕ್ಷಿ: ಸಣ್ಣತಮ್ಮಯ್ಯ, ನಿವೃತ್ತ ಹವಾಲ್ದಾರ್,
ಅರಕಲಗೂಡಿನ ಕಡೆಯವರು. ಜೇಬಿನಲ್ಲಿ ಬಿಪಿ ಮಾತ್ರೆ.
ನಾನು ದುಭಾಷಿ. ಇಪ್ಪತ್ತೆರಡು ವರ್ಷ
ಈ ಕಟ್ಟಡದ ಕನ್ನಡವನ್ನು ಇಂಗ್ಲಿಷಿಗೆ ಹೊತ್ತುಹಾಕಿದವಳು.
‘ದೇವರ ಮೇಲೋ, ಆತ್ಮಸಾಕ್ಷಿಯ ಮೇಲೋ ಪ್ರಮಾಣ?’
‘ಎಲ್ಡೂ ಬರ್ಕಳಿ’ ಅಂದರು.

ನೀಲಿ ಹೆಲ್ಮೆಟ್ಟು ತೊಟ್ಟು,
ಈಗಲೂ ನಾಲಿಗೆಗೆ ಹೊರಳದ ಹೆಸರಿನ ದೇಶದಲ್ಲಿ
ಹೊಳೆಯೊಂದರ ಕಾವಲಿಗಿದ್ದರಂತೆ.
ಆಚೆ ದಡದ ಊರು ಒಂದೇ ರಾತ್ರಿಗೆ ಮುಗಿಯಿತಂತೆ.
‘ಎಷ್ಟು ಹೆಣ?’
‘ನಲ್ವತ್ತೊಂದು. ಆಮೇಲೆ ಬಾವಿ ನೋಡಿದೊ.’
ಬಾವಿಗೆ ಅವರ ಭಾಷೆಯಲ್ಲಿ ಪದವಿದೆ.
ಆ ‘ನೋಡಿದೊ’ಗೆ ಇಲ್ಲ.

ಆರೋಪಿ ಅಲ್ಲಿಯ ಮಾಜಿ ಮಂತ್ರಿ. ಒಳ್ಳೆಯ ಸೂಟು, ಕಿವಿಗೆ ಯಂತ್ರ.
ಅವನ ವಕೀಲ ಮೆಲ್ಲಗೆ ಎದ್ದ:
‘ಅಂದು ಕೆಲವು ಜೀವಹಾನಿ ಸಂಭವಿಸಿರಬಹುದು…’
ನಡುವೆ ಕೂತ ಬೆಳ್ಳಿಕೂದಲಿನಾಕೆ ಪೆನ್ನು ಎತ್ತಿದಳು:
‘ಸಂಭವಿಸಿತು ಅನ್ನಬೇಡಿ.
ಕೊಂದವರು ಯಾರು, ಕೊಲ್ಲಿ ಅಂದವರು ಯಾರು,
ಗೊತ್ತಿದ್ದೂ ಸುಮ್ಮನೆ ಕೂತವರು ಯಾರು?
ಪ್ರತಿ ವಾಕ್ಯಕ್ಕೂ ನನಗೊಬ್ಬ ಕರ್ತೃ ಬೇಕು.’

ಅಂಗೈ ತಣ್ಣಗಾಯಿತು ನನಗೆ.

ಎಂಟನೇ ಕ್ಲಾಸಿನಲ್ಲಿ ಪದ್ಮಾವತಮ್ಮ ಮೇಡಂ ಬರೆದಿದ್ದರು:
ಸೋಮನು ಮರವನ್ನು ಕಡಿದನು. ಕರ್ತರಿ.
ಸೋಮನಿಂದ ಮರವು ಕಡಿಯಲ್ಪಟ್ಟಿತು. ಕರ್ಮಣಿ.
ಆಮೇಲೆ ‘ಸೋಮನಿಂದ’ ಅಳಿಸಿ,
‘ನೋಡ್ರಮ್ಮಾ, ಹೀಗೂ ನಿಲ್ಲುತ್ತೆ ವಾಕ್ಯ’ ಅಂದು
ಕೈಯ ಸುಣ್ಣ ಕೊಡವಿಕೊಂಡರು.

ಆ ಪಾಠವೇ ನನಗೆ ಸಂಬಳವಾಯಿತು.

ಎಪಿಎಂಸಿ ಯಾರ್ಡಿನ ಹಮಾಲಿ ನಿಂಗರಾಜು,
ಆಲೂಗಡ್ಡೆ ಮೂಟೆ ಹೊರುತ್ತಿದ್ದವನು.
ಬುಧವಾರ ಠಾಣೆಗೆ ಕರೆತರಲಾಯಿತು.
ಶುಕ್ರವಾರ ಮೃತಪಟ್ಟಿರುವುದು ಕಂಡುಬಂತು.
ಗಾಯಗಳಾಗಿದ್ದವು. ವಿಚಾರಣೆ ನಡೆಸಲಾಯಿತು.
ಮೊಕದ್ದಮೆ ಹೂಡಲು ಸರ್ಕಾರದ ಅನುಮತಿ ಕೋರಲಾಯಿತು,
ಕಾಯಲಾಯಿತು, ಮತ್ತೆ ಕೋರಲಾಯಿತು,
ಬಿ ರಿಪೋರ್ಟ್ ಸಲ್ಲಿಸಲಾಯಿತು.
ನೂರ ಹನ್ನೆರಡು ಪುಟ ಅನುವಾದಿಸಿದೆ.
ಒಂದು ತಪ್ಪಿಲ್ಲ ಅಂತ ಶಿರಸ್ತೇದಾರರು ಮೆಚ್ಚಿದರು.
ಅಷ್ಟೂ ಕಡತದಲ್ಲಿ ತಾನಾಗಿ ಏನಾದರೂ ಮಾಡಿದವನು
ಸತ್ತವನೊಬ್ಬನೇ:
ಬಿದ್ದನು.

‘ಇಂಟರ್‌ಪ್ರಿಟರ್, ಪ್ರಶ್ನೆ ಕೇಳಿಸಿತೇ?’
ಕೇಳಿಸಿತು. ಸಣ್ಣತಮ್ಮಯ್ಯನವರತ್ತ ತಿರುಗಿದೆ:
ಹೇಳಿದ್ದು ಯಾರು ಅಂತ ನಿಮಗೆ ಹೇಗೆ ಗೊತ್ತು?
‘ರೇಡಿಯೋದಾಗೆ ಅವ್ನೇ ಮಾತಾಡ್ದ. ಮೂರು ಸಲ.
ಊರಿನ್ ಹೆಸ್ರು ಹಿಡ್ದು ಹೇಳ್ದ. ಕೇಳುಸ್ಕಂಡೊ.’
ನೀರು ಕುಡಿದರು. ಲೋಟ ಇಡಲು ಜಾಗ ಹುಡುಕಿದರು.
‘ಹೊಳೆ ದಾಟಕ್ಕೆ ನಮ್ಗೆ ಆರ್ಡರ್ ಇರ್ನಿಲ್ಲ.
ಅದ್ನೂ ಬರ್ಕಳಿ. ಈ ದಡದಾಗೆ
ನಾವೂ ಕೂತಿದ್ದೊ.’

ಆಚೆಯಿಂದ ಮತ್ತೆ ಕೇಳಿದರು, ಕೂತಿದ್ದು ಯಾರು?
ನಾವು, ಅಂದೆ.
ಎರಡು ಸಲ ಅಂದೆನಂತೆ. ದಾಖಲೆಯಲ್ಲಿದೆ.

ಕೆಳಗೆ ಮೆಟ್ಟಿಲ ಮೇಲೆ ಗಂಗಹೊನ್ನಮ್ಮ,
ನಿಂಗರಾಜುವಿನ ಹೆಂಡತಿ. ಪ್ರತಿ ತಿಂಗಳೂ ಬರುತ್ತಾಳೆ,
ಪ್ಲಾಸ್ಟಿಕ್ ಕವರಿನಲ್ಲಿ ಕಾಗದ, ದುದ್ದದ ಬಸ್ಸಿನ ಟಿಕೆಟ್ಟು.
‘ಏನಂತಕ್ಕಾ ಮ್ಯಾಲೆ?’
‘ದೂರದ ಕೇಸು. ಮಾಡಿದ್ದು ಯಾರು ಅಂತ ಕೇಳಿದರು.’
ಅವಳು ಸೆರಗಿನಿಂದ ಮೆಟ್ಟಿಲ ಧೂಳು ಒರೆಸಿದಳು, ನನಗೆ ಕೂರಲು.
‘ನನ್ ಮಾತ್ರ ಯಾರೂ ಕೇಳ್ನಿಲ್ಲ.
ಎರಡ್ ರಾತ್ರಿ ಆ ಕಿಟ್ಕಿ ಕೆಳ್ಗೆ ಕೂತಿದ್ದೆ.
ಹೊಡಿಯೋವಾಗ ಅವ್ರು
ಒಬ್ರನ್ನೊಬ್ರು ಹೆಸ್ರು ಹಿಡ್ದು ಕರೀತಿದ್ರು.’

ನನ್ನ ಬಳಿ ಹಾಳೆಯಿರಲಿಲ್ಲ.
ಅವಳ ಟಿಕೆಟ್ಟು ಮಗುಚಿ ತೊಡೆಯ ಮೇಲಿಟ್ಟುಕೊಂಡೆ.
ಹೇಳು, ಅಂದೆ.
ಮೊದಲು ಹೆಸರು. ಆಮೇಲೆ ಅವನು ಮಾಡಿದ್ದು.